ಹಕಾರದ ಡಬ್ಬಿ

ಗಂಗರುದ್ರಯ್ಯ ಮೇಷ್ಟ್ರು ತೀರಿಕೊಂಡ ಇಪ್ಪತ್ತನೆಯ ದಿನ
ಬಸವನಗುಡಿಯ ಸಭಾಂಗಣದಲ್ಲಿ ನುಡಿನಮನ.
ಮೂವತ್ತೊಂದು ವರ್ಷದ ಸೇವೆ, ಏಳು ಪುಸ್ತಕ,
ಪೂನಾದಲ್ಲಿ ಪಡೆದ ಡಾಕ್ಟರೇಟು.
ರೀಡರಾಗಿಯೇ ನಿವೃತ್ತರಾದರೆಂದು ಯಾರೂ ಹೇಳಲಿಲ್ಲ.
ಮೈಕು ಮಾತ್ರ ಪ್ರತಿ ಹಕಾರಕ್ಕೂ ಬುಸುಗುಟ್ಟುತ್ತಿತ್ತು;
ಅವರಿದ್ದಿದ್ದರೆ ಅದನ್ನೇ ಬರೆದುಕೊಳ್ಳುತ್ತಿದ್ದರು.

ವಂದನಾರ್ಪಣೆಗೆ ಮೊದಲೇ ಎದ್ದು ಬಂದೆ.
ಶ್ರೀನಗರದ ಮನೆಯಲ್ಲಿ ಕೆಲಸವಿತ್ತು.
ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಗಳು,
ಒಂದೊಂದರ ಹೊಟ್ಟೆಗೂ ಅಂಟಿಸಿದ ಒಂದೊಂದು ಅಕ್ಷರ.
ಒಳಗೆ ಚೀಟಿಗಳು, ಮದುವೆ ಕಾಗದ ಕತ್ತರಿಸಿ ಮಾಡಿದವು:
ಒಂದು ಮಗ್ಗುಲಲ್ಲಿ ಯಾರದೋ ಚಿ. ಸೌ., ಅರ್ಧ ಗಣಪತಿ,
ಇನ್ನೊಂದರಲ್ಲಿ
'ಡೌಲು: ನಾಮಪದ. ಕಲಾಸಿಪಾಳ್ಯ, ಲಾರಿ ಕ್ಲೀನರು.'

ನಾನು ಅವರ ವಿಭಾಗದ ಟೈಪಿಸ್ಟು.

ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ
ಕೈಚೀಲದಲ್ಲಿ ಟೇಪ್‌ರೆಕಾರ್ಡರು ಹೊತ್ತು ಸಿಟಿ ಮಾರ್ಕೆಟ್ಟು.
'ಇದಕ್ಕೇನಂತೀರಮ್ಮ?'
'ಇಷ್ಟು ಓದಿದೋರು, ಗೊತ್ತಿಲ್ವಾ ಸಾಮಿ?'
'ಗೊತ್ತಿಲ್ಲ' ಅನ್ನುತ್ತಿದ್ದರು. ಅದು ಸುಳ್ಳಾಗಿರಲಿಲ್ಲ.
ದುಡ್ಡು ಕೊಟ್ಟರೆ ಮಾತು ಕೆಡುತ್ತದೆಂದು
ಮಿಕ್ಕ ಹೂವನ್ನೆಲ್ಲ ಬುಟ್ಟಿ ಸಮೇತ ಕೊಳ್ಳುವರು.
'ದೇವರೇ ಕಾಣದಷ್ಟು ಸೇವಂತಿಗೆ, ಯಾವಳಪ್ಪಾ ಅವಳು
ಅಂತ ವರ್ಷಗಟ್ಟಲೆ ಅನುಮಾನವಿತ್ತು ಕಣೇ ನನಗೆ'
ಎಂದು ನಕ್ಕರು ಪುಟ್ಟಬಸಮ್ಮನವರು,
ನಗುತ್ತಲೇ ಮುಖ ಆ ಕಡೆ ತಿರುಗಿಸಿಕೊಂಡರು.

ಒಂದು ದಿನ ಕ್ಲಾಸಿನಲ್ಲಿ ಪಾಠ ಹೀಗೆ:
'ತುಟಿ ಕೂಡಿಸಿ ಪಾಲು ಅಂದರು, ಎಷ್ಟೋ ಕಾಲ.
ತುಟಿ ಬಿಟ್ಟರು, ಹಾಲಾಯಿತು.
ಈಗ ಉಸಿರನ್ನೂ ಬಿಟ್ಟಿದ್ದಾರೆ, ಆಲು.
ತಪ್ಪಲ್ಲ ಕಣ್ರಯ್ಯ, ಮುಂದೆ ಹೋಗಿದ್ದಾರೆ.
ನಮ್ಮ ನಿಘಂಟು ಹಿಂದಿನ ಬಸ್ಸಲ್ಲಿದೆ.'
ಹುಡುಗರು ನಕ್ಕರು.
ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿದ್ದ ನಾನು ನಗಲಿಲ್ಲ.

ಕೆಲಸದ ಸಂದರ್ಶನದ ಹಿಂದಿನ ರಾತ್ರಿ
ಬೆಂಕಿಕಡ್ಡಿ ಗೀರಿ ಬಾಯ ಮುಂದೆ ಹಿಡಿದಿದ್ದೆ.
ಹಾಲು. ಹಾವು. ಹಸು.
ಜ್ವಾಲೆ ನಡುಗಿದರೆ ಪಾಸು.
ಒಂದು ಪೆಟ್ಟಿಗೆ ಕಡ್ಡಿ ಮುಗಿಯಿತು. ಕೆಲಸ ಸಿಕ್ಕಿತು.
ಮನೆಯಲ್ಲಿ ಅವ್ವ 'ಆಲು ಕಾಸ್ಲೇನೆ?' ಅಂದರೆ
ತಿದ್ದುತ್ತಿದ್ದೆ.

ಸಕಾರದ ಡಬ್ಬಿ ಉಕ್ಕುತ್ತಿತ್ತು.
ಹಕಾರದ್ದು ಎತ್ತಿದರೆ ಹಗುರ:
ಎರಡು ಹಳೆಯ ಸೆಲ್ಲು, ಒಂದು ಅಂಗಿಯ ಗುಂಡಿ.
ಪಾಪ, ಕೊನೆಯ ಅಕ್ಷರಕ್ಕೆ ಆಯಸ್ಸು ಸಾಲಲಿಲ್ಲ ಅಂದುಕೊಂಡೆ.
'ಅದನ್ನ ತುಂಬ್ತಾನೇ ಇರ್ಲಿಲ್ಲ ಅವರು' ಎಂದರು ಅಮ್ಮ,
ಕಾಫಿ ಲೋಟ ಕೆಳಗಿಡುತ್ತಾ.

ಮುಚ್ಚಳ ಹಿಡಿಸದೆ ದಾರ ಕಟ್ಟಿದ್ದ ಆಕಾರದ ಡಬ್ಬಿ ಬಿಚ್ಚಿದೆ.
ಆಲು. ಆವು. ಆಡು, ಮೇಕೆಯೂ ಪದವೂ ಒಂದೇ ಚೀಟಿಯಲ್ಲಿ.
ಇಕಾರದಲ್ಲಿ ಇಟ್ಟು, ಉಕಾರದಲ್ಲಿ ಉಳಿ,
ಒಕಾರದಲ್ಲಿ ಒಲ.
ಕೇಳಿದಂತೆಯೇ ಇಟ್ಟಿದ್ದರು,
ಒಂದನ್ನೂ ತಿದ್ದಿರಲಿಲ್ಲ.

ಊಕಾರದಲ್ಲಿ, ಮೇಲಿನಿಂದ ಮೂರನೆಯದು:
'ಊವು: ನಾಮಪದ. ಹೇಳಿದವರು ಕೆಂಪನರಸಮ್ಮ, ೪೮,
ಮಾರ್ಕೆಟ್ಟು, ಕಂಬದ ಪಕ್ಕ. ೧೨-೮-೮೩.
ಟಿಪ್ಪಣಿ: ಈಕೆಯ ಮೊಳ ಚಿಕ್ಕದು, ಊಕಾರ ದೊಡ್ಡದು.'

ನಮ್ಮವ್ವ.

ಹನ್ನೊಂದು ವರ್ಷ ಎದುರುಬದುರು ಕೂತಿದ್ದೆವು.
ತಾಯಿ ಏನು ಮಾಡ್ತಾರೆ ಎಂದು ಕೇಳಿದಾಗ
'ಮನೇಲೇ ಇದ್ದಾರೆ ಸಾರ್' ಅಂದಿದ್ದೆ.
ಅವರು ತಲೆಯಾಡಿಸಿ ರಿಬ್ಬನ್ನು ಬದಲಿಸಲು ಹೇಳಿದ್ದರು.
ಗೊತ್ತಿತ್ತೇ?
ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಪ್ರಕಾಶಕರ ಪತ್ರ ಬಂದಿದೆ:
ಓದುಗರ ಅನುಕೂಲಕ್ಕಾಗಿ
ಇವನ್ನೆಲ್ಲ ಹಕಾರಕ್ಕೆ ವರ್ಗಾಯಿಸತಕ್ಕದ್ದು.
ಉತ್ತರ ಇನ್ನೂ ಟೈಪು ಮಾಡಿಲ್ಲ.
ರಾತ್ರಿ ಕರೆಂಟು ಹೋದಾಗ ಕಡ್ಡಿ ಗೀರಿ
ಬಾಯ ಮುಂದೆ ಹಿಡಿದೆ, ಅಭ್ಯಾಸಬಲ.
ಅವ್ವನ ಅಳತೆಗೆ ಎಳೆದು ಅಂದೆ:
ಊವು.
ಜ್ವಾಲೆ ಅಲುಗಲಿಲ್ಲ,
ಬೆರಳು ಸುಡುವ ತನಕ ನೆಟ್ಟಗೆ ನಿಂತಿತ್ತು.